ಸಿದ್ದಿಯರು: ನಮ್ಮ ಕಾಡಿನ ನಮ್ಮ ಜನ



ಮಗು ಹುಟ್ಟಿದಾಗ ಅದರ ಹತ್ತಿರ ಏನಿರುತ್ತದೆ? ಮೈಬಣ್ಣ ಇರುತ್ತದೆ. ಕಣ್ಣು, ಮೂಗು, ಕೂದಲು ಇರುತ್ತವೆ. ಇವೆಲ್ಲ ತಂದೆತಾಯಿಯಿಂದ ಬಂದದ್ದು.

ಆದರೆ ಹುಟ್ಟಿದ ಮಗುವಿಗೆ ಮಾತು ಬರುವುದಿಲ್ಲ. ದೇವರು ಗೊತ್ತಿರುವುದಿಲ್ಲ. ಜಾತಿ ಗೊತ್ತಿರುವುದಿಲ್ಲ. ರೊಟ್ಟಿ ತಿನ್ನುವುದೋ, ಅನ್ನ ಉಣ್ಣುವುದೋ ತಿಳಿದಿರುವುದಿಲ್ಲ. ಯಾರಿಗೆ ಕೈ ಮುಗಿಯಬೇಕು, ಯಾರಿಗೆ ಹೆದರಬೇಕು, ಅದೂ ತಿಳಿದಿರುವುದಿಲ್ಲ.

ಇವೆಲ್ಲ ಆಮೇಲೆ ಬರುತ್ತವೆ. ಎತ್ತಿ ಆಡಿಸಿದವರು ಕಲಿಸುತ್ತಾರೆ. ಕೇರಿಯವರು, ಊರಿನವರು ಕಲಿಸುತ್ತಾರೆ.

ಹಾಗಾದರೆ ಮನುಷ್ಯರ ಬಾಳನ್ನು ರೂಪಿಸುವುದು ಯಾವುದು? ಹುಟ್ಟೋ? ಬೆಳೆಸಿದ ರೀತಿಯೋ? ಸುತ್ತಲಿನ ಜನವೋ? ಇದನ್ನು ತಿಳಿಯಲು ನಮ್ಮ ಕರ್ನಾಟಕದಲ್ಲೇ ಇರುವ ಒಂದು ಜನಾಂಗದ ಕಥೆ ಓದೋಣ. ಅವರೇ ಸಿದ್ದಿಯರು.

ಸಿದ್ದಿಯರು ಯಾರು?

ಉತ್ತರ ಕನ್ನಡ ಜಿಲ್ಲೆ ದಟ್ಟ ಕಾಡಿನ ಜಿಲ್ಲೆ. ಅಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳಿವೆ. ಈ ತಾಲೂಕುಗಳ ಕಾಡಿನ ಅಂಚಿನಲ್ಲಿ ಸಿದ್ದಿಯರ ಮನೆಗಳಿವೆ. ಪಕ್ಕದ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳಲ್ಲೂ ಅವರಿದ್ದಾರೆ.

ಸಿದ್ದಿಯರ ಮೈಬಣ್ಣ ಕಪ್ಪು. ಕೂದಲು ಗುಂಗುರು. ಮೊದಲ ಸಲ ನೋಡಿದವರು ಕೇಳುತ್ತಾರೆ:

"ನೀವು ಯಾವ ದೇಶದವರು?"

ಸಂತೆಗೆ ಬಂದ ಸಿದ್ದಿ ಹೆಂಗಸು ಅಚ್ಚ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ:

"ಇದೇ ದೇಶದವರು. ಯಲ್ಲಾಪುರದವರು."

ಕೇಳಿದವರಿಗೆ ಆಶ್ಚರ್ಯ. ಆದರೆ ಆಶ್ಚರ್ಯ ಪಡಬೇಕಾದ್ದು ಏನಿದೆ? ಅವಳ ಅಜ್ಜಿ ಇಲ್ಲೇ ಹುಟ್ಟಿದಳು. ಅಜ್ಜಿಯ ಅಜ್ಜಿಯೂ ಇಲ್ಲೇ ಹುಟ್ಟಿದಳು. ಇದೇ ಕಾಡಿನ ಸೌದೆ ಒಟ್ಟಿದಳು. ಇದೇ ಹಳ್ಳದ ನೀರು ಹೊತ್ತಳು. ಆದರೂ ಅವಳಿಗೆ ಈ ಪ್ರಶ್ನೆ ತಪ್ಪುವುದಿಲ್ಲ. ಮೈಬಣ್ಣ ನೋಡಿ ಜನ ಅವಳ ಊರನ್ನು ತಾವೇ ತೀರ್ಮಾನ ಮಾಡಿಬಿಡುತ್ತಾರೆ.

ಸಿದ್ದಿಯರು ಎಲ್ಲಿಂದ ಬಂದರು?

ಸಿದ್ದಿಯರ ಮೂಲ ಆಫ್ರಿಕಾ ಖಂಡ. ಅರಬ್ಬಿ ಸಮುದ್ರದ ಆಚೆ, ಬಹಳ ದೂರದಲ್ಲಿ ಆಫ್ರಿಕಾ ಇದೆ. ಆ ಕಾಲದಲ್ಲಿ ಹಡಗಿನಲ್ಲಿ ಬರಲು ವಾರಗಟ್ಟಲೆ ಬೇಕಾಗುತ್ತಿತ್ತು.

ಅವರಲ್ಲಿ ಬಹಳ ಮಂದಿ ತಾವಾಗಿ ಬರಲಿಲ್ಲ. ಅವರನ್ನು ಹಿಡಿದು ತಂದರು. ದನಗಳನ್ನು ಮಾರಿದ ಹಾಗೆ ಮಾರಿದರು. ಇದಕ್ಕೆ ಗುಲಾಮಗಿರಿ ಎನ್ನುತ್ತಾರೆ.

1510ರಲ್ಲಿ ಪೋರ್ಚುಗೀಸರು ಗೋವಾ ಗೆದ್ದರು. ಆಫ್ರಿಕಾದ ಮೊಜಾಂಬಿಕ್ ಕರಾವಳಿಯೂ ಅವರ ಹಿಡಿತದಲ್ಲಿತ್ತು. ಅಲ್ಲಿಂದ ಗಂಡಸರನ್ನು, ಹೆಂಗಸರನ್ನು, ಮಕ್ಕಳನ್ನು ಹಡಗಿನಲ್ಲಿ ಗೋವಾಕ್ಕೆ ತಂದರು. ಮನೆಗೆಲಸಕ್ಕೆ, ಹೊರೆ ಹೊರಲು ಇಟ್ಟುಕೊಂಡರು. ದುಡಿದದ್ದಕ್ಕೆ ಕೂಲಿ ಇಲ್ಲ. ಬಿಟ್ಟು ಹೋಗುವ ಹಾಗಿಲ್ಲ.

ಕೆಲವರು ಧೈರ್ಯ ಮಾಡಿದರು. ಗೋವಾದಿಂದ ಓಡಿದರು. ಘಟ್ಟ ಹತ್ತಿದರು. ಉತ್ತರ ಕನ್ನಡದ ಕಾಡು ಸೇರಿದರು. ಅಲ್ಲಿ ಗುಡಿಸಲು ಕಟ್ಟಿಕೊಂಡರು. ಕಾಡು ಅವರನ್ನು ಕಾಪಾಡಿತು. ಇಂದಿನ ಸಿದ್ದಿಯರಲ್ಲಿ ಹಲವರು ಹಾಗೆ ಬಂದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು.

2011ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ಸಿದ್ದಿಯರ ರಕ್ತ ಪರೀಕ್ಷೆಯ ವರದಿ ಪ್ರಕಟಿಸಿದರು. ರಕ್ತದಲ್ಲಿ ವಂಶದ ಗುರುತು ಇರುತ್ತದೆ. ಸಿದ್ದಿಯರಲ್ಲಿ ಆಫ್ರಿಕಾದ ಗುರುತು ಹೆಚ್ಚಾಗಿತ್ತು. ಜೊತೆಗೆ ಭಾರತದ ಗುರುತೂ ಇತ್ತು. ಯುರೋಪಿನ ಗುರುತೂ ಸ್ವಲ್ಪ ಇತ್ತು. ಅಂದರೆ ಇಲ್ಲಿಗೆ ಬಂದ ಮೇಲೆ ಇಲ್ಲಿಯ ಜನರೊಡನೆ ಅವರ ನಂಟು ಬೆಳೆದಿದೆ.

ಒಂದೇ ಮೂಲ, ಬೇರೆ ಬೇರೆ ಬಾಳು

ಆಫ್ರಿಕಾದಿಂದ ಬಂದವರೆಲ್ಲ ಕಾಡಿಗೇ ಹೋದರೆ? ಇಲ್ಲ.

ಮಲಿಕ್ ಅಂಬರ್ ಎಂಬವನ ಹೆಸರು ಕೇಳಿದ್ದೀರಾ? ಅವನು ಆಫ್ರಿಕಾದ ಇಥಿಯೋಪಿಯಾ ದೇಶದಲ್ಲಿ ಹುಟ್ಟಿದ. ಬಾಲಕನಾಗಿದ್ದಾಗ ಅವನನ್ನು ಮಾರಿದರು. ಕೈಯಿಂದ ಕೈಗೆ ಮಾರಾಟವಾಗಿ ದಖ್ಖನ್ನಿಗೆ ಬಂದ. ಅವನನ್ನು ಕೊಂಡವರಲ್ಲಿ ಒಬ್ಬರು ವಿದ್ಯೆ ಕಲಿಸಿದರು. ಇಲ್ಲಿ ಸೈನ್ಯ ಸೇರಿದ. ಕೊನೆಗೆ ಅಹಮದ್‌ನಗರ ರಾಜ್ಯದ ಆಡಳಿತವನ್ನೇ ನಡೆಸಿದ. ಮೊಗಲ್ ಬಾದಶಹನ ಸೈನ್ಯವನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ. ಖಡ್ಕಿ ಎಂಬ ಊರು ಕಟ್ಟಿ, ಅದಕ್ಕೆ ನೀರಿನ ವ್ಯವಸ್ಥೆ ಮಾಡಿದ. ಆ ಊರೇ ಆಮೇಲೆ ಔರಂಗಾಬಾದ್ ಆಯಿತು. ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡ.

ನಮ್ಮ ಬಿಜಾಪುರದ ಆದಿಲಶಾಹಿ ದರ್ಬಾರಿನಲ್ಲೂ ಆಫ್ರಿಕಾ ಮೂಲದ ಮಂತ್ರಿ ಇದ್ದ. ಅವನ ಹೆಸರು ಇಖ್ಲಾಸ್ ಖಾನ್. ಮುಂಬಯಿಯ ದಕ್ಷಿಣಕ್ಕೆ ಸಮುದ್ರದ ನಡುವೆ ಜಂಜೀರಾ ಕೋಟೆ ಇದೆ. ಆ ಸಂಸ್ಥಾನವನ್ನು 1948ರವರೆಗೆ ಸಿದ್ದಿ ನವಾಬರು ಆಳಿದರು.

ಗುಜರಾತಿನಲ್ಲೂ ಸಿದ್ದಿಯರಿದ್ದಾರೆ. ಅವರ ಮಾತು ಗುಜರಾತಿ. ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಬಾವಾ ಗೋರ್ ಎಂಬ ಸಂತನಿಗೆ ನಡೆದುಕೊಳ್ಳುತ್ತಾರೆ. ನಮ್ಮ ಸಿದ್ದಿಯರ ಮಾತು ಕೊಂಕಣಿ, ಕನ್ನಡ, ಉರ್ದು.

ಈಗ ಯೋಚನೆ ಮಾಡಿ. ಎಲ್ಲರ ಮೂಲವೂ ಆಫ್ರಿಕಾ. ಎಲ್ಲರ ಬಣ್ಣವೂ ಹೆಚ್ಚು ಕಡಿಮೆ ಒಂದೇ. ಆದರೆ ಒಬ್ಬ ರಾಜ್ಯ ಆಳಿದ. ಒಬ್ಬ ಕಾಡಿನಲ್ಲಿ ಅಡಗಿ ಬದುಕಿದ. ಒಬ್ಬಳು ಗುಜರಾತಿ ಆಡುತ್ತಾಳೆ. ಇನ್ನೊಬ್ಬಳು ಕನ್ನಡ ಆಡುತ್ತಾಳೆ.

ಬಣ್ಣವೇ ಬಾಳನ್ನು ತೀರ್ಮಾನಿಸುವುದಾಗಿದ್ದರೆ ಇವರೆಲ್ಲರ ಬಾಳು ಒಂದೇ ರೀತಿ ಇರಬೇಕಿತ್ತು. ಹಾಗಿಲ್ಲ. ಎಲ್ಲಿ ಬೆಳೆದರು, ಯಾರ ನಡುವೆ ಬೆಳೆದರು, ಯಾವ ಬಾಗಿಲು ತೆರೆಯಿತು, ಯಾವ ಬಾಗಿಲು ಮುಚ್ಚಿತು, ಇದರ ಮೇಲೆ ಬಾಳು ನಿಂತಿತು.

ಮೈಬಣ್ಣ ಯಾಕೆ ಬೇರೆ ಬೇರೆ?

ನಮ್ಮ ಚರ್ಮದಲ್ಲಿ ಒಂದು ಬಣ್ಣದ ವಸ್ತು ಇದೆ. ಅದಕ್ಕೆ ಮೆಲನಿನ್ ಎನ್ನುತ್ತಾರೆ. ಮೆಲನಿನ್ ಹೆಚ್ಚಿದ್ದರೆ ಚರ್ಮ ಕಪ್ಪಗಿರುತ್ತದೆ. ಕಡಿಮೆ ಇದ್ದರೆ ಬೆಳ್ಳಗಿರುತ್ತದೆ.

ಮೆಲನಿನ್ ಕೊಡೆಯ ಹಾಗೆ. ಸುಡು ಬಿಸಿಲಿನಿಂದ ಅದು ಚರ್ಮವನ್ನು ಕಾಯುತ್ತದೆ. ಸಾವಿರಾರು ವರ್ಷ ಕಡು ಬಿಸಿಲಿನ ನಾಡಿನಲ್ಲಿ ಬಾಳಿದ ಜನರಲ್ಲಿ ಮೆಲನಿನ್ ಹೆಚ್ಚಾಯಿತು. ಬಿಸಿಲು ಕಡಿಮೆ ಇರುವ ಚಳಿ ನಾಡಿನ ಜನರಲ್ಲಿ ಅದು ಕಡಿಮೆಯಾಯಿತು. ಅಷ್ಟೇ ವ್ಯತ್ಯಾಸ. ಬುದ್ಧಿಗೂ ಬಣ್ಣಕ್ಕೂ ಸಂಬಂಧ ಇಲ್ಲ. ಗುಣಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ.

ಇನ್ನೊಂದು ಮಾತು. ಮನುಷ್ಯ ಕುಲ ಮೊದಲು ಹುಟ್ಟಿದ್ದೇ ಆಫ್ರಿಕಾದಲ್ಲಿ. ಅಲ್ಲಿಂದ ಹೊರಟವರು ಲೋಕದ ಎಲ್ಲ ಕಡೆ ಹರಡಿದರು. ಭಾರತಕ್ಕೂ ಬಂದರು. ಅಂದರೆ ನಿಮ್ಮ ಹಿರಿಯರು, ನಮ್ಮ ಹಿರಿಯರು, ಎಲ್ಲರೂ ಒಂದು ಕಾಲಕ್ಕೆ ಆಫ್ರಿಕಾದವರೇ. ಸಿದ್ದಿಯರು ತಡವಾಗಿ ಬಂದರು. ನಾವು ಬೇಗ ಬಂದೆವು. ಅಷ್ಟೇ.

ಕಲಿಕಾ ಕೇಂದ್ರದಲ್ಲಿ ಒಂದು ಮಾತುಕತೆ

ಈ ಪಾಠ ಓದಿದಾಗ ಕಲಿಕಾ ಕೇಂದ್ರದಲ್ಲಿ ಇಂಥ ಮಾತುಕತೆ ನಡೆಯಬಹುದು. ಇಬ್ಬರು ಸೇರಿ ಜೋರಾಗಿ ಓದಿ.

ಅಜ್ಜಿ: ಅಕ್ಕೋರೆ, ನೀವು ಹೇಳೋದು ಖರೆ. ಆದ್ರ ಲೋಕ ಹಂಗ ನೋಡೂದಿಲ್ಲರಿ. ನನ್ನ ಮೊಮ್ಮಗಳು ಕಪ್ಪದಾಳ. ಹತ್ತನೇತ್ತಾ ಪಾಸ್ ಆಗ್ಯಾಳ. ನೋಡಾಕ ಬಂದವ್ರು ಚಾ ಕುಡಿದು, "ಹುಡುಗಿ ಬಣ್ಣ ಕಡಿಮಿ" ಅಂದು ಎದ್ದು ಹೋದ್ರು.

ಪ್ರೇರಕಿ: ಅದಕ್ಕೆ ಮನೆಯಲ್ಲಿ ಏನಂದ್ರಿ ಅಜ್ಜಿ?

ಅಜ್ಜಿ: ಅರಿಷಿಣ ಹಚ್ಚು, ಬಿಸಿಲಿಗೆ ಹೋಗಬ್ಯಾಡ ಅಂದ್ವಿ. ಪ್ಯಾಟಿಯಿಂದ ಕ್ರೀಮ್ ತರಿಸಿದ್ವಿ.

ಪ್ರೇರಕಿ: ಹುಡುಗಿ ಏನಂದಳು?

ಅಜ್ಜಿ: ಏನೂ ಅನ್ನಲಿಲ್ಲರಿ. ಕನ್ನಡಿ ನೋಡೂದು ಬಿಟ್ಟಾಳ.

ಪ್ರೇರಕಿ: ನೋಡಿ ಅಜ್ಜಿ, ಬಂದವರು ಒಂದು ಸಲ ಅಂದು ಹೋದರು. ಮನೆಯವರು ದಿನಾ ಅಂದಹಾಗೆ ಆಯಿತಲ್ಲ? ಹುಡುಗಿಗೆ ತಾನೇ ಕಡಿಮೆ ಅಂತ ಅನ್ನಿಸಿಬಿಟ್ಟಿತು.

ಅಜ್ಜಿ: ಹೌದ್ರಿ. ನಮ್ಮವ್ವ ನನಗೂ ಹಂಗ ಅಂತಿದ್ಳು. ಅದನ್ನ ನಾನು ಮುಂದ ನಡೆಸಿದೆ.

ಪ್ರೇರಕಿ: ಆಕಳು ಕಪ್ಪಾದರೆ ಹಾಲು ಕಪ್ಪೇ? ಈ ಗಾದೆ ನೀವೇ ನನಗೆ ಹೇಳಿಕೊಟ್ಟಿದ್ದಿರಿ ಅಜ್ಜಿ.

ಅಜ್ಜಿ: ಗಾದಿ ಬಾಯಾಗ ಇತ್ತು. ಮನಸಿನ್ಯಾಗ ಇರಲಿಲ್ಲ. ಇವತ್ತ ಮನಿಗೆ ಹೋಗಿ ಆಕಿಗೆ ಹೇಳ್ತೀನಿ.

ಅಕ್ಕಂದಿರೇ, ಹೀಗೆ ನಂಬಿಕೆ ತಾಯಿಯಿಂದ ಮಗಳಿಗೆ ಬರುತ್ತದೆ. ಒಳ್ಳೆಯ ನಂಬಿಕೆಯೂ ಬರುತ್ತದೆ. ಕೆಟ್ಟ ನಂಬಿಕೆಯೂ ಬರುತ್ತದೆ. ಯಾವುದನ್ನು ಮುಂದೆ ದಾಟಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂಬುದು ನಮ್ಮ ಕೈಯಲ್ಲಿದೆ.

ಮೂರು ಧರ್ಮ, ಒಂದು ಕುಲ

ಈಗ ಮತ್ತೆ ಸಿದ್ದಿಯರ ಕಡೆಗೆ ಬರೋಣ. ಅವರ ನಂಬಿಕೆಗಳನ್ನು ನೋಡೋಣ.

ಕರ್ನಾಟಕದ ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ. ಮುಸ್ಲಿಮರಿದ್ದಾರೆ. ಕ್ರೈಸ್ತರಿದ್ದಾರೆ. ಇದು ಹೇಗಾಯಿತು? ಅವರು ಯಾರ ನಡುವೆ ಬಾಳಿದರೋ ಅವರ ಧರ್ಮ ಇವರಿಗೂ ಬಂತು. ಗೋವಾದಲ್ಲಿ ಪೋರ್ಚುಗೀಸರ ಹತ್ತಿರ ಇದ್ದವರು ಚರ್ಚಿಗೆ ಹೋದರು. ಮುಸ್ಲಿಮರ ನಡುವೆ ಬೆಳೆದವರು ಮಸೀದಿಗೆ ಹೋದರು. ಘಟ್ಟದ ಹಿಂದೂಗಳ ನಡುವೆ ನೆಲೆಸಿದವರು ಗುಡಿಗೆ ಹೋದರು.

ಆದರೆ ಹೆಸರಿನ ಕೊನೆಗೆ ಮೂರೂ ಧರ್ಮದವರು ಸಿದ್ದಿ ಎಂದೇ ಬರೆದುಕೊಳ್ಳುತ್ತಾರೆ. "ನಾವು ಮೊದಲು ಸಿದ್ದಿಯರು" ಎಂಬ ಭಾವನೆ ಅವರಲ್ಲಿದೆ.

ಸಿದ್ದಿಯರು ತೀರಿಹೋದ ಹಿರಿಯರನ್ನು ಮರೆಯುವುದಿಲ್ಲ. ಹಿಂದೂ ಸಿದ್ದಿಯರ ಮನೆಯಲ್ಲಿ ಹಿರಿಯರ ಹೆಸರಿನಲ್ಲಿ ತೆಂಗಿನಕಾಯಿ ಇಟ್ಟು ಪೂಜಿಸುವ ಪದ್ಧತಿ ಇದೆ. ಮನೆಯಲ್ಲಿ ಒಳ್ಳೆಯ ಕೆಲಸ ನಡೆದರೆ ಮೊದಲು ಹಿರಿಯರ ನೆನಪು. ಯಲ್ಲಾಪುರ ತಾಲೂಕಿನ ಕಾಡಿನಲ್ಲಿ ಸಿದ್ದಿ ನಾಸ್ ಎಂಬ ದೇವರ ಸ್ಥಾನ ಇದೆ. ಅಲ್ಲಿಯ ಪೂಜೆಗೆ ಬೇರೆ ಧರ್ಮದ ಸಿದ್ದಿಯರೂ ಬಂದು ಸೇರುತ್ತಾರೆ.

ನೋಡಿ, ಧರ್ಮ ಮೂರು ದಾರಿಯಾಯಿತು. ಕುಲದ ನೆನಪು ಮೂರು ದಾರಿಯವರನ್ನೂ ಒಂದೇ ಅಂಗಳಕ್ಕೆ ತಂದಿತು.

ಡಮಾಮಿ ಕುಣಿತ

ಸಿದ್ದಿಯರ ವಾದ್ಯಕ್ಕೆ ಡಮಾಮ್ ಎನ್ನುತ್ತಾರೆ. ಮರದ ಕೊಳವೆಗೆ ಎರಡೂ ಕಡೆ ಚರ್ಮ ಬಿಗಿದು ಮಾಡುತ್ತಾರೆ. ಡಮಾಮ್ ಬಾರಿಸಿದರೆ ಎಳೆಯರು, ಮುದುಕರು, ಹೆಂಗಸರು, ಗಂಡಸರು ಎಲ್ಲರೂ ಕುಣಿಯುತ್ತಾರೆ. ಇದೇ ಡಮಾಮಿ ಕುಣಿತ.

ಸಿದ್ದಿಯರ ಹೆಂಗಸರು ಫುಗಡಿಯನ್ನೂ ಆಡುತ್ತಾರೆ. ಫುಗಡಿ ಕೊಂಕಣದ ಹೆಂಗಸರ ಆಟ. ಡಮಾಮ್ ತಮ್ಮ ಹಿರಿಯರಿಂದ ಬಂತು. ಫುಗಡಿ ನೆರೆಯವರಿಂದ ಬಂತು. ಎರಡೂ ಈಗ ಅವರದೇ.

ಆಫ್ರಿಕಾದ ಹಳೆಯ ಮಾತುಗಳನ್ನು ಇಂದಿನ ಸಿದ್ದಿಯರು ಆಡುವುದಿಲ್ಲ. ಮಾತು ಹೋಯಿತು. ತಾಳ ಉಳಿಯಿತು.

ಸಿದ್ದಿ ಅಕ್ಕಂದಿರ ಕೌದಿ

ಕೌದಿ ನಮಗೆಲ್ಲ ಗೊತ್ತು. ಹಳೆಯ ಸೀರೆ, ಹಳೆಯ ಅಂಗಿ, ಹರಿದ ಲಂಗ, ಎಲ್ಲ ಸೇರಿಸಿ ಕೌದಿ ಹೊಲಿಯುತ್ತೇವೆ. ಸಿದ್ದಿ ಅಕ್ಕಂದಿರ ಕೌದಿಗೆ ಈಗ ದೂರ ದೇಶಗಳಲ್ಲೂ ಹೆಸರಿದೆ. ಅದನ್ನು ಅವರು ಕವಂದ್ ಎಂದೂ ಕರೆಯುತ್ತಾರೆ.

ಅವರು ಕೌದಿಯನ್ನು ಅಂಚಿನಿಂದ ಶುರು ಮಾಡುತ್ತಾರೆ. ತುಂಡಿನ ಪಕ್ಕ ತುಂಡು ಇಟ್ಟು, ಸುತ್ತಿ ಸುತ್ತಿ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂವು ಮಾಡಿ ಹೊಲಿಯುತ್ತಾರೆ. ಹೂವಿಲ್ಲದ ಕೌದಿ ಅವರ ಪಾಲಿಗೆ ಬರಿಮೈ ಇದ್ದ ಹಾಗೆ. ಕ್ರೈಸ್ತ ಅಕ್ಕ ಕೆಲವೊಮ್ಮೆ ಶಿಲುಬೆಯ ಗುರುತು ಹೊಲಿಯುತ್ತಾಳೆ. ಮುಸ್ಲಿಂ ಅಕ್ಕ ಕೆಲವೊಮ್ಮೆ ಚಂದ್ರನ ಗುರುತು ಹೊಲಿಯುತ್ತಾಳೆ. ಆದರೆ ಹೊಲಿಗೆಯ ರೀತಿ ಒಂದೇ.

ಕೌದಿಯ ತುಂಡುಗಳು ಬೇರೆ ಬೇರೆ ಬಟ್ಟೆಯಿಂದ ಬಂದವು. ಮನುಷ್ಯರ ಬಾಳೂ ಹಾಗೆ. ಒಂದು ತುಂಡು ಹುಟ್ಟಿನದು. ಒಂದು ತುಂಡು ತಾಯಿಯದು. ಒಂದು ತುಂಡು ನೆರೆಯವರದು. ಒಂದು ತುಂಡು ಧರ್ಮದ್ದು. ಎಲ್ಲ ಸೇರಿದರೆ ಒಂದು ಬಾಳು.

ಬೇರೆಯವರ ನೋಟ

ಬಾಳನ್ನು ರೂಪಿಸುವ ಇನ್ನೊಂದು ಸಂಗತಿ ಇದೆ. ಬೇರೆಯವರು ನಮ್ಮನ್ನು ಹೇಗೆ ಕಾಣುತ್ತಾರೆ ಎಂಬುದು.

ಕಾಡಿಗೆ ಬಂದ ಸಿದ್ದಿಯರಿಗೆ ಸ್ವಂತ ಜಮೀನು ಇರಲಿಲ್ಲ. ಬಹಳ ಮಂದಿ ತೋಟದ ಮಾಲೀಕರ ಹತ್ತಿರ ಕೂಲಿಗೆ ನಿಂತರು. ಮದುವೆಗೆ, ಕಾಯಿಲೆಗೆ ಸಾಲ ತಂದರು. ಸಾಲ ತೀರಿಸಲು ವರ್ಷಗಟ್ಟಲೆ ದುಡಿದರು. ಓದು ಬರಹ ಇರಲಿಲ್ಲ. ಎಷ್ಟು ತೀರಿತು, ಎಷ್ಟು ಉಳಿಯಿತು ಎಂದು ತಿಳಿಯುತ್ತಿರಲಿಲ್ಲ. ಅಪ್ಪನ ಸಾಲಕ್ಕೆ ಮಗ ದುಡಿಯಬೇಕಾಯಿತು. ಇದೇ ಜೀತ. 1976ರಲ್ಲಿ ಜೀತ ಪದ್ಧತಿಯನ್ನು ರದ್ದು ಮಾಡುವ ಕಾಯಿದೆ ಬಂತು. ಈಗ ಸಾಲಕ್ಕಾಗಿ ಯಾರನ್ನೂ ಜೀತಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಅದು ಅಪರಾಧ.

ಜನ ಸಿದ್ದಿಯರ ಬಗ್ಗೆ ಏನು ಹೇಳುತ್ತಿದ್ದರು? "ಅವರು ಕಾಡಿನವರು. ಅವರಿಗೆ ಓದು ಹತ್ತುವುದಿಲ್ಲ" ಎನ್ನುತ್ತಿದ್ದರು. ಆದರೆ ಶಾಲೆ ಎಷ್ಟು ದೂರ ಇತ್ತು? ಮಳೆಗಾಲದಲ್ಲಿ ಹಳ್ಳ ದಾಟಲು ಸೇತುವೆ ಇತ್ತೇ? ತರಗತಿಯಲ್ಲಿ ಕೂದಲು ಹಿಡಿದು ಅಣಕಿಸಿದರೆ ಮಗು ಮರುದಿನ ಶಾಲೆಗೆ ಹೋಗುತ್ತದೆಯೇ? ಇದನ್ನು ಯಾರೂ ಕೇಳಲಿಲ್ಲ. ಮಗು ಶಾಲೆ ಬಿಟ್ಟಿತು. ಆಗ ಜನ, "ನೋಡಿ, ನಾವು ಹೇಳಿದ್ದೇ ಸರಿ" ಎಂದರು.

ಹೊಗಳಿಕೆಯಲ್ಲೂ ಇಂಥ ತಪ್ಪು ನಡೆಯುತ್ತದೆ. 1980ರ ದಶಕದ ಕೊನೆಯಲ್ಲಿ ಸರ್ಕಾರದ ಕ್ರೀಡಾ ಸಂಸ್ಥೆಯವರು ಸಿದ್ದಿ ಮಕ್ಕಳನ್ನು ಆರಿಸಿದರು. "ಆಫ್ರಿಕಾ ಮೂಲದವರು ಚೆನ್ನಾಗಿ ಓಡುತ್ತಾರೆ" ಎಂಬುದು ಅವರ ಎಣಿಕೆ. ಮಕ್ಕಳಿಗೆ ಒಳ್ಳೆಯ ಊಟ ಕೊಟ್ಟರು. ಬೂಟು ಕೊಟ್ಟರು. ತರಬೇತಿ ಕೊಟ್ಟರು. ಮಕ್ಕಳು ಓಡಿದರು. ಪದಕ ಗೆದ್ದರು. ಕೆಲವರಿಗೆ ಸರ್ಕಾರಿ ನೌಕರಿ ಸಿಕ್ಕಿತು. ಕೆಲವು ವರ್ಷಗಳ ನಂತರ, 1990ರ ದಶಕದಲ್ಲಿ ಆ ಯೋಜನೆ ನಿಂತಿತು. ಹಲವು ಮಕ್ಕಳು ಊರಿಗೆ ಮರಳಿದರು. ಮತ್ತೆ ಕೂಲಿಗೆ ಹೋದರು.

ಅವರ ರಕ್ತ ಬದಲಾಗಿತ್ತೇ? ಇಲ್ಲ. ಕಾಲು ಅದೇ ಕಾಲು. ಊಟ, ಬೂಟು, ಗುರು ಇದ್ದಾಗ ಪದಕ ಬಂತು. ಅವು ನಿಂತಾಗ ಪದಕವೂ ನಿಂತಿತು.

ಹಕ್ಕು ಬಂದಾಗ

ಸಿದ್ದಿಯರು ತಮ್ಮ ಹಕ್ಕಿಗಾಗಿ ಸಂಘಟಿತರಾದರು. ಬಹಳ ವರ್ಷ ಕೇಳಿದರು. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯ ಸಿದ್ದಿಯರು ಇನ್ನೂ ಕಾಯಬೇಕಾಯಿತು. ಅವರಿಗೆ 2020ರಲ್ಲಿ ಈ ಸ್ಥಾನ ಸಿಕ್ಕಿತು.

ವಿಚಿತ್ರ ನೋಡಿ. ಅಕ್ಕ ಹಳಿಯಾಳದಲ್ಲಿ, ತಂಗಿ ಧಾರವಾಡ ಜಿಲ್ಲೆಯಲ್ಲಿ ಮದುವೆಯಾಗಿದ್ದರೆ ಏನಾಗುತ್ತಿತ್ತು? ಒಂದೇ ತಾಯಿಯ ಮಕ್ಕಳು. ಒಂದೇ ಕುಲ. ಅಕ್ಕನ ಊರಿನ ಸಿದ್ದಿ ಮಕ್ಕಳಿಗೆ ಮೀಸಲಾತಿ, ವಿದ್ಯಾರ್ಥಿವೇತನ. ತಂಗಿಯ ಊರಿನ ಸಿದ್ದಿ ಮಕ್ಕಳಿಗೆ ಇಲ್ಲ. ಹದಿನೇಳು ವರ್ಷ ಹೀಗೇ ನಡೆಯಿತು. ನಕ್ಷೆಯ ಒಂದು ಗೆರೆಯೂ ಬಾಳನ್ನು ಬದಲಿಸುತ್ತದೆ.

ಅರಣ್ಯ ಹಕ್ಕು ಕಾಯಿದೆ 2006ರಲ್ಲಿ ಬಂತು. ಕಾಡಿನಲ್ಲಿ ಬಾಳುವ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಸಾಗುವಳಿ ಮಾಡುತ್ತಿದ್ದ ಜಮೀನಿಗೆ ಹಕ್ಕು ಕೇಳಬಹುದು. ಗ್ರಾಮ ಸಭೆ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ. ಆ ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು ಇರಲೇಬೇಕು. ಮದುವೆಯಾದವರ ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಇದು ಕಾನೂನು. ಅಕ್ಕಂದಿರೇ, ಈ ಮಾತನ್ನು ಎರಡು ಸಲ ಓದಿ. ಹಕ್ಕುಪತ್ರ ಕೈಗೆ ಬಂದಾಗ ನಿಮ್ಮ ಹೆಸರು ಇದೆಯೇ ಎಂದು ನೀವೇ ಓದಿ ನೋಡಿ.

ಬಾಗಿಲು ತೆರೆದವರು

ಗುಜರಾತಿನ ಜಂಬೂರ್ ಎಂಬ ಊರಿನಲ್ಲಿ ಹೀರಾಬಾಯಿ ಲೋಬಿ ಎಂಬ ಸಿದ್ದಿ ಮಹಿಳೆ ಇದ್ದಾರೆ. ಸಣ್ಣ ವಯಸ್ಸಿನಲ್ಲೇ ತಂದೆತಾಯಿ ತೀರಿಕೊಂಡರು. ಅಜ್ಜಿ ಸಾಕಿದರು. ರೇಡಿಯೋ ಕೇಳಿ ಕೇಳಿ ಹೊಸ ವಿಷಯ ತಿಳಿದುಕೊಂಡರು. ಊರಿನ ಸಿದ್ದಿ ಹೆಂಗಸರನ್ನು ಒಟ್ಟು ಸೇರಿಸಿದರು. ಗೊಬ್ಬರ ತಯಾರಿಸಿ ಮಾರುವ ಕೆಲಸ ಕಲಿಸಿದರು. ಹಣ ಉಳಿಸುವುದನ್ನು ಕಲಿಸಿದರು. ಎಳೆಯ ಮಕ್ಕಳಿಗೆ ಶಿಶುವಿಹಾರ ತೆರೆದರು. 2023ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು.

ನಮ್ಮ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿ ಅವರು 2020ರಲ್ಲಿ ಕರ್ನಾಟಕ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ವಿಧಾನಸೌಧದೊಳಗೆ ಶಾಸಕರಾಗಿ ಕುಳಿತ ಮೊದಲ ಸಿದ್ದಿ ಅವರು. ನಾಟಕದಲ್ಲಿ, ಸಿನಿಮಾದಲ್ಲಿ ಹೆಸರು ಮಾಡಿದ ಸಿದ್ದಿ ಕಲಾವಿದರೂ ಇದ್ದಾರೆ.

"ಅವರಿಗೆ ಓದು ಹತ್ತುವುದಿಲ್ಲ" ಎಂದವರು ಈಗ ಏನು ಹೇಳುತ್ತಾರೆ?

ನಾವು ಏನು ಮಾಡಬಹುದು?

ಹುಟ್ಟನ್ನು ಯಾರೂ ಬದಲಿಸಲಾರರು. ಬದಲಿಸಬೇಕಾಗಿಯೂ ಇಲ್ಲ. ಆದರೆ ಬೆಳೆಸುವ ರೀತಿ ನಮ್ಮ ಕೈಯಲ್ಲಿದೆ. ನೆರೆಯವರನ್ನು ಕಾಣುವ ರೀತಿ ನಮ್ಮ ಕೈಯಲ್ಲಿದೆ.

ಮಗುವನ್ನು "ಕರಿಯಾ", "ಕರಿ" ಎಂದು ಹಂಗಿಸಿ ಕರೆಯಬೇಡಿ. ಬೇರೆಯವರು ಕರೆದರೆ ತಡೆಯಿರಿ.

ಸೊಸೆ ನೋಡಲು ಹೋದಾಗ ಬಣ್ಣದ ಮಾತು ಎತ್ತಬೇಡಿ. ನಿಮ್ಮ ಮಗಳನ್ನು ನೋಡಲು ಬಂದವರು ಎತ್ತಿದರೆ ತಲೆ ತಗ್ಗಿಸಬೇಡಿ.

ಬೇರೆ ಜಾತಿಯ, ಬೇರೆ ಧರ್ಮದ ಮಕ್ಕಳ ಜೊತೆ ನಿಮ್ಮ ಮಕ್ಕಳು ಆಡಲಿ. ಒಟ್ಟಿಗೆ ಕುಳಿತು ಉಣ್ಣಲಿ. ಸಣ್ಣವರಿದ್ದಾಗ ಜೊತೆಗೆ ಉಂಡವರು ದೊಡ್ಡವರಾದ ಮೇಲೆ ಸುಲಭಕ್ಕೆ ದೂರವಾಗುವುದಿಲ್ಲ.

ಯಾರಾದರೂ "ಆ ಜನವೇ ಹಾಗೆ" ಎಂದರೆ ಒಂದು ಪ್ರಶ್ನೆ ಕೇಳಿ: "ಅವರಿಗೆ ಯಾವ ಬಾಗಿಲು ಮುಚ್ಚಿತ್ತು?"

"ಹೆಂಗಸರಿಗೆ ಓದು ಯಾಕೆ" ಎಂದು ನಮಗೂ ಜನ ಹೇಳಿದ್ದರು. ನಮ್ಮಲ್ಲಿ ಕೆಲವರು ಅದನ್ನು ನಂಬಿಯೂ ಇದ್ದೆವು. ಇವತ್ತು ನೀವು ಈ ಪುಸ್ತಕ ಓದುತ್ತಿದ್ದೀರಿ. ಆ ಮಾತು ಸುಳ್ಳಾಯಿತು.

ಹೊಸ ಪದಗಳು

ಜನಾಂಗ: ಒಂದೇ ಮೂಲದಿಂದ ಬಂದ ಜನರ ಗುಂಪು
ಗುಲಾಮ: ಇನ್ನೊಬ್ಬರು ಕೊಂಡು, ಕೂಲಿಯಿಲ್ಲದೆ ದುಡಿಸಿಕೊಳ್ಳುವ ಮನುಷ್ಯ
ಜೀತ: ಸಾಲಕ್ಕಾಗಿ ಬಿಡುಗಡೆಯಿಲ್ಲದೆ ದುಡಿಯುವುದು
ಸಾಗುವಳಿ: ಹೊಲ ಗದ್ದೆ ಮಾಡುವುದು
ಹಕ್ಕುಪತ್ರ: ಜಮೀನಿನ ಹಕ್ಕು ಕೊಡುವ ಸರ್ಕಾರದ ಕಾಗದ
ನಾಮಕರಣ: ಇಲ್ಲಿ, ಚುನಾವಣೆ ಇಲ್ಲದೆ ಹೆಸರಿಸಿ ನೇಮಿಸುವುದು

ಉತ್ತರ ಹೇಳಿ

1. ಸಿದ್ದಿಯರ ಹಿರಿಯರು ಯಾವ ಖಂಡದಿಂದ ಬಂದರು?
2. ಸಿದ್ದಿಯರಲ್ಲಿ ಯಾವ ಯಾವ ಧರ್ಮದವರು ಇದ್ದಾರೆ? ಅದಕ್ಕೆ ಕಾರಣ ಏನು?
3. ಮೆಲನಿನ್ ಏನು ಕೆಲಸ ಮಾಡುತ್ತದೆ?
4. ಓಟದ ಯೋಜನೆ ನಿಂತ ಮೇಲೆ ಹಲವು ಮಕ್ಕಳು ಕೂಲಿಗೆ ಹೋದದ್ದು ಯಾಕೆ?
5. ಅರಣ್ಯ ಹಕ್ಕುಪತ್ರದಲ್ಲಿ ಯಾರ ಹೆಸರು ಇರಬೇಕು?

ಕೂಡಿ ಮಾತನಾಡಿ

ನಿಮ್ಮ ತಾಯಿ ನಿಮಗೆ ಕಲಿಸಿದ ಒಂದು ನಂಬಿಕೆ ಹೇಳಿ. ಅದನ್ನು ನಿಮ್ಮ ಮಕ್ಕಳಿಗೆ ಕಲಿಸುತ್ತೀರಾ? ಯಾಕೆ?

ನಿಮ್ಮ ಊರಿನಲ್ಲಿ "ಆ ಜನವೇ ಹಾಗೆ" ಎಂದು ಯಾರ ಬಗ್ಗೆ ಹೇಳುತ್ತಾರೆ? ಅದು ನಿಜವೇ?

ಬರೆಯಿರಿ

ನಿಮ್ಮ ಅಡುಗೆ, ಹಬ್ಬ, ಹಾಡು, ಮಾತು ಇವುಗಳಲ್ಲಿ ನೆರೆಯವರಿಂದ ಬಂದದ್ದು ಯಾವುದು? ಐದು ಸಾಲು ಬರೆಯಿರಿ. ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.